ಟೈಗರ್ ಮಾತ್ ಎಡಕ್ಕೇ ಯಾಕೆ ಬೀಳುತ್ತದೆ?

ಪ್ರಶ್ನೆ: ಸರ್, ನಾನು ಮೈಸೂರಿನವನು. ರೇಡಿಯೊ ನಿಯಂತ್ರಿತ ಟ್ರೇನರ್ (ಕಲಿಕೆಯ) ವಿಮಾನ ಮಾದರಿಗಳನ್ನು ಕೆಲವು ವರ್ಷಗಳಿಂದ ಹಾರಿಸುತ್ತಿದ್ದೇನೆ. ಈಗ ಪ್ಲಾನ್ ನೋಡಿಕೊಂಡು ಹಳೆಯ ಬ್ರಿಟಿಷ್ ಬೈಪ್ಲೇನ್ (ಮೇಲೆ ಕೆಳಗೆ ಜೋಡಿ ರೆಕ್ಕೆಯ ವಿಮಾನ) ಡಿ ಹ್ಯಾವಿಲೆಂಡ್ ಟೈಗರ್ ಮಾತ್‌ನ ನಾಲ್ಕನೇ ಒಂದು ಅಳತೆಯ ಮಾದರಿ ಕಟ್ಟಿದ್ದೇನೆ. ರೆಕ್ಕೆ ತುದಿಯಿಂದ ತುದಿಗೆ 2.23 ಮೀಟರ್, ತೂಕ 8.5 ಕೆ.ಜಿ., 30 ಸಿಸಿ ಪೆಟ್ರೋಲ್ ಎಂಜಿನ್, 19×8 ಪ್ರೊಪೆಲ್ಲರ್ (ಅಂಗುಲದಲ್ಲಿ ವ್ಯಾಸ×ಪಿಚ್). ಮೊದಲ ಸಲ ಟೇಕಾಫ್ ಓಟದಲ್ಲೇ ಎಡಕ್ಕೆ ಎಳೆಯಿತು. ಬಲ ಐಲರಾನ್ (ವಿಮಾನವನ್ನು ಓರೆ ಮಾಡುವ, ರೆಕ್ಕೆಯ ಹಿಂದಿನ ಅಂಚಿನ ಪಟ್ಟಿ) ಕೊಟ್ಟರೂ ನಿಲ್ಲದೆ ಇನ್ನಷ್ಟು ತಿರುಗಿ ಮೂಗು ನೆಲಕ್ಕೆ ಕುಟ್ಟಿ ಪ್ರೊಪೆಲ್ಲರ್ ಮುರಿಯಿತು. ಎರಡನೇ ಸಲ ಎದ್ದು ಚೆನ್ನಾಗಿಯೇ ಹಾರಿತು. ಇಳಿಸಲು ಥ್ರಾಟಲ್ ತಗ್ಗಿಸಿ ಎಡಕ್ಕೆ ತಿರುಗಿಸುವಾಗ ಎಡ ರೆಕ್ಕೆ ಕುಸಿಯತೊಡಗಿತು. ಬಲ ಐಲರಾನ್ ಕೊಟ್ಟು ಎತ್ತಲು ನೋಡಿದೆ. ಸುಮಾರು ಹತ್ತು ಮೀಟರ್ ಎತ್ತರದಿಂದ ಅರ್ಧ ಸುತ್ತು ಸುತ್ತಿ ಬಿತ್ತು. ಕೆಳಗಿನ ಎಡ ರೆಕ್ಕೆಯ ಪಕ್ಕೆಲುಬುಗಳೂ ಒಂದು ಸ್ಟ್ರಟ್ಟೂ (ಎರಡು ರೆಕ್ಕೆಗಳ ನಡುವಿನ ಕಂಬ) ಮುರಿದಿವೆ. ಮೈದಾನದಲ್ಲಿ ಒಬ್ಬೊಬ್ಬರದು ಒಂದೊಂದು ಮಾತು. ಟಾರ್ಕ್ (ಎಂಜಿನ್ನಿನ ತಿರುಚು ಬಲ) ಎನ್ನುವವರಿದ್ದಾರೆ, ಮೂಗಿಗೆ ಹಾಕಿರುವ 550 ಗ್ರಾಂ ಸೀಸ ತೆಗೆಯಿರಿ ಎನ್ನುವವರಿದ್ದಾರೆ, 40 ಸಿಸಿ ಎಂಜಿನ್ ಹಾಕಿ ವೇಗವಾಗಿ ಹಾರಿಸಿ ಎನ್ನುವವರಿದ್ದಾರೆ. ಬೈಪ್ಲೇನ್‌ಗೆ ಎರಡು ಪಟ್ಟು ಲಿಫ್ಟ್ (ಮೇಲೆತ್ತುವ ಬಲ) ಇರುವಾಗ ಸ್ಟಾಲ್ (ರೆಕ್ಕೆ ಲಿಫ್ಟ್ ಕಳೆದುಕೊಳ್ಳುವುದು) ಆಗಿದ್ದು ಹೇಗೆ ಎಂದು ನನಗೂ ಅರ್ಥವಾಗುತ್ತಿಲ್ಲ. ರೆಕ್ಕೆಗಳ ನಡುವೆ ತಂತಿಯ ಬದಲು ಎಲಾಸ್ಟಿಕ್ ದಾರ ಕಟ್ಟಿದ್ದೇನೆ, ಅದೇ ಕಾರಣವೇ? ರಿಪೇರಿ ಮಾಡಲೋ, ಮಾರಿ ಮೂರನೇ ಒಂದು ಅಳತೆಯದನ್ನು ಕಟ್ಟಲೋ? ಕೊನೆಯದಾಗಿ, ಮೇಲಿನ ರೆಕ್ಕೆಯ ಮುಂದಿನ ಅಂಚಿನ ಪಟ್ಟಿಗಳಾದ ಸ್ಲಾಟ್‌ಗಳನ್ನು ನಿಜವಾಗಿ ತೆರೆಯುವಂತೆ ಮಾಡಿದರೆ ಸ್ಟಾಲ್ ತಪ್ಪೀತೇ?

ಉತ್ತರ: ಮಾರಬೇಡಿ, ರಿಪೇರಿ ಮಾಡಿ. ನೀವು ಎರಡು ಬೇರೆ ಬೇರೆ ಅವಘಡಗಳನ್ನು ಬರೆದಿದ್ದೀರಿ. ಓದಿದರೆ ಎರಡರಲ್ಲೂ ಒಂದೇ ಕೆಲಸ ನಡೆದಿರುವುದು ಕಾಣುತ್ತದೆ: ವೇಗ ಕಡಿಮೆ ಇದ್ದಾಗ ವಿಮಾನ ಎಡಕ್ಕೆ ಹೋಯಿತು, ನೀವು ಬಲ ಐಲರಾನ್ ಕೊಟ್ಟಿರಿ, ಅದು ಇನ್ನೂ ಎಡಕ್ಕೆ ಹೋಯಿತು. ಟ್ರೇನರ್ ಹಾರಿಸಿ ಪಳಗಿದ ಬೆರಳಿಗೆ ಇದು ವಿಚಿತ್ರವೆನಿಸುತ್ತದೆ. ಟೈಗರ್ ಮಾತ್‌ಗೆ ಇದು ಸಹಜ ನಡವಳಿಕೆ.

ಬಲ ಐಲರಾನ್ ಕೊಟ್ಟಾಗ ಎಡ ರೆಕ್ಕೆಯ ಐಲರಾನ್ ಕೆಳಗೆ ಇಳಿಯುತ್ತದೆ. ಆ ಬದಿಯಲ್ಲಿ ಲಿಫ್ಟ್ ಹೆಚ್ಚುತ್ತದೆ, ಜೊತೆಗೆ ಗಾಳಿಯ ಎಳೆತವೂ ಹೆಚ್ಚುತ್ತದೆ. ಎಡ ರೆಕ್ಕೆಯನ್ನು ಹಿಂದಕ್ಕೆ ಎಳೆದಂತಾಗಿ ಮೂಗು ಎಡಕ್ಕೆ ತಿರುಗುತ್ತದೆ. ಉದ್ದನೆಯ ಬಾಲ, ದಪ್ಪ ರೆಕ್ಕೆ, ಚಿಕ್ಕ ಐಲರಾನ್ ಇರುವ ಟ್ರೇನರ್‌ನಲ್ಲಿ ಇದು ಗೊತ್ತೇ ಆಗುವುದಿಲ್ಲ. ಟೈಗರ್ ಮಾತ್‌ನಲ್ಲಿ ಐಲರಾನ್ ಇರುವುದು ಕೆಳಗಿನ ರೆಕ್ಕೆಯಲ್ಲಿ ಮಾತ್ರ. ಎರಡು ರೆಕ್ಕೆಗಳನ್ನು ಎರಡೇ ಐಲರಾನ್‌ಗಳು ಓರೆ ಮಾಡಬೇಕು. ಹಾಗಾಗಿ ಅವು ಉದ್ದವಾಗಿವೆ, ಮೂಗನ್ನು ತಿರುಗಿಸುವ ಬಲವೂ ಅವಕ್ಕೆ ಹೆಚ್ಚು. ಓಟದ ಆರಂಭದಲ್ಲಿ ರೆಕ್ಕೆ ಎತ್ತುವಷ್ಟು ಲಿಫ್ಟ್ ಇನ್ನೂ ಹುಟ್ಟಿರುವುದಿಲ್ಲ, ಎಳೆತ ಮಾತ್ರ ಕೆಲಸ ಮಾಡುತ್ತದೆ. ನಿಮ್ಮ ಮೊದಲ ಅವಘಡದಲ್ಲಿ ಬಲ ಐಲರಾನ್ ಎಡಕ್ಕೆ ಹೋಗುವ ಸುಳಿಗೆ ಕೈಜೋಡಿಸಿತು.

ಎರಡನೆಯದು ಇನ್ನೂ ಕೆಟ್ಟದ್ದು. ಥ್ರಾಟಲ್ ತಗ್ಗಿದೆ, ಎಡಕ್ಕೆ ಓರೆಯಾಗಿದೆ, ಎತ್ತರ ಕಾಯಲು ಎಲಿವೇಟರ್ (ಮೂಗನ್ನು ಏರಿಸಿ ಇಳಿಸುವ ಬಾಲದ ಪಟ್ಟಿ) ಎಳೆದಿದ್ದೀರಿ, ಅಂದರೆ ರೆಕ್ಕೆ ಸ್ಟಾಲ್‌ನ ಅಂಚಿನಲ್ಲಿದೆ. ಆ ಗಳಿಗೆಯಲ್ಲಿ ಕೆಳಗಿರುವ ರೆಕ್ಕೆಯ ಐಲರಾನ್ ಇನ್ನೂ ಇಳಿದರೆ ಆ ಭಾಗಕ್ಕೆ ಗಾಳಿ ಬಡಿಯುವ ಕೋನ ಹೆಚ್ಚಿ, ಮೊದಲು ಸ್ಟಾಲ್ ಆಗುವುದು ಅದೇ ರೆಕ್ಕೆ. ಮೂಗೂ ಅದೇ ಕಡೆಗೆ ತಿರುಗುತ್ತದೆ. ಸ್ಪಿನ್ (ಸುತ್ತುತ್ತಾ ಬೀಳುವುದು) ಹುಟ್ಟಲು ಬೇಕಾದ ಎರಡೂ ಸೇರಿದವು. ಹತ್ತು ಮೀಟರ್ ಎತ್ತರದಲ್ಲಿ ಇದರಿಂದ ಹೊರಬರಲು ಯಾರಿಂದಲೂ ಆಗುವುದಿಲ್ಲ, ಅದಕ್ಕಾಗಿ ನಿಮ್ಮ ಕೈಚಳಕವನ್ನು ಹಳಿದುಕೊಳ್ಳಬೇಡಿ.

ಇನ್ನು ಟಾರ್ಕ್ ವಿಚಾರ. ಎಡಕ್ಕೆ ಎಳೆಯುವುದರಲ್ಲಿ ಟಾರ್ಕ್‌ನ ಪಾಲು ಇದೆ, ಆದರೆ ಅದೊಂದೇ ಅಲ್ಲ. ಪ್ರೊಪೆಲ್ಲರ್ ಹಿಂದೆ ಸುರುಳಿಯಾಗಿ ಹೋಗುವ ಗಾಳಿ ಬಾಲದ ಎಡ ಮಗ್ಗುಲಿಗೆ ಬಡಿಯುತ್ತದೆ. ಬಾಲ ನೆಲದಲ್ಲಿರುವಾಗ ಕೆಳಗಿಳಿಯುವ ಬ್ಲೇಡ್ ಹೆಚ್ಚು ಎಳೆಯುತ್ತದೆ. ಬಾಲ ಏಳುವ ಕ್ಷಣದಲ್ಲಿ ತಿರುಗುವ ಪ್ರೊಪೆಲ್ಲರ್ ಬುಗುರಿಯ ಗುಣ ತೋರಿ ಮೂಗನ್ನು ಪಕ್ಕಕ್ಕೆ ಒಗೆಯುತ್ತದೆ. ನಮ್ಮ ಮಾದರಿ ಎಂಜಿನ್‌ಗಳು ಕಾಕ್‌ಪಿಟ್‌ನಿಂದ ನೋಡಿದರೆ ಗಡಿಯಾರದ ದಿಕ್ಕಿಗೆ ತಿರುಗುವುದರಿಂದ ಇವೆಲ್ಲ ಸೇರಿ ಎಡಕ್ಕೇ ಎಳೆಯುತ್ತವೆ. ಅಸಲಿ ಟೈಗರ್ ಮಾತ್‌ನ ಜಿಪ್ಸಿ ಮೇಜರ್ ಎಂಜಿನ್ ತಿರುಗುವುದು ಇದಕ್ಕೆ ವಿರುದ್ಧ ದಿಕ್ಕಿಗೆ. ಅದರ ಪೈಲಟ್‌ಗಳು ಟೇಕಾಫ್‌ನಲ್ಲಿ ಎಡ ರಡ್ಡರ್ (ಮೂಗನ್ನು ಎಡಬಲ ತಿರುಗಿಸುವ ಬಾಲದ ಪಟ್ಟಿ) ಒತ್ತುತ್ತಾರೆ. ಅಸಲಿ ವಿಮಾನದ ವಿಡಿಯೊ ನೋಡಿ, ಕೈಪಿಡಿ ಓದಿ ಅಭ್ಯಾಸ ಮಾಡಿದವರು ಇಲ್ಲಿ ಎಡವುತ್ತಾರೆ. ನಿಮಗೆ ಬೇಕಾದದ್ದು ಬಲ ರಡ್ಡರ್. ಎಂಜಿನ್ ಮೌಂಟ್‌ನಲ್ಲಿ 2ರಿಂದ 3 ಡಿಗ್ರಿ ಬಲಕ್ಕೆ, 1ರಿಂದ 2 ಡಿಗ್ರಿ ಕೆಳಕ್ಕೆ ಓರೆ ಇದೆಯೇ ನೋಡಿ. ಇಲ್ಲದಿದ್ದರೆ ವಾಷರ್ ಇಟ್ಟು ಸರಿ ಮಾಡಿ.

ಎರಡು ರೆಕ್ಕೆಯಿಂದ ಎರಡು ಪಟ್ಟು ಲಿಫ್ಟ್ ಎಂಬುದು ಹಳೆಯ ನಂಬಿಕೆ. ಲೆಕ್ಕಕ್ಕೆ ಬರುವುದು ಒಟ್ಟು ವಿಸ್ತೀರ್ಣ. ಅಷ್ಟೇ ವಿಸ್ತೀರ್ಣದ ಒಂಟಿ ರೆಕ್ಕೆಗಿಂತ ಜೋಡಿ ರೆಕ್ಕೆ ಕಡಿಮೆ ದಕ್ಷ, ಒಂದರ ಗಾಳಿಯನ್ನು ಇನ್ನೊಂದು ಕೆಡಿಸುತ್ತದೆ. ಅದರ ಮೇಲೆ ಸ್ಟ್ರಟ್ಟು, ತಂತಿಗಳ ಎಳೆತ. 1931ರ ವಿನ್ಯಾಸದವರು ಎರಡು ರೆಕ್ಕೆ ಇಟ್ಟದ್ದು ಹಗುರವಾದ ಮರದಲ್ಲಿ ಗಟ್ಟಿ ಪೆಟ್ಟಿಗೆಯಂತಹ ರಚನೆ ಸಿಗುತ್ತದೆಂದು. ನಿಮ್ಮ ಮಾದರಿಯ ವಿಸ್ತೀರ್ಣ ಸುಮಾರು 1.39 ಚದರ ಮೀಟರ್. ಮೈಸೂರಿನ ಸುಮಾರು 760 ಮೀಟರ್ ಎತ್ತರದಲ್ಲಿ, 32 ಡಿಗ್ರಿ ಬಿಸಿಲಲ್ಲಿ ಗಾಳಿಯ ಸಾಂದ್ರತೆ ಸಮುದ್ರಮಟ್ಟದ ತಂಪು ದಿನಕ್ಕಿಂತ ಶೇ. 14ರಷ್ಟು ಕಡಿಮೆ. ಲೆಕ್ಕ ಹಾಕಿದರೆ ನೇರ ಹಾರಾಟದಲ್ಲಿ ಸ್ಟಾಲ್ ವೇಗ ಗಂಟೆಗೆ 36–37 ಕಿ.ಮೀ. ಬರುತ್ತದೆ. 45 ಡಿಗ್ರಿ ಓರೆಯಾಗಿ ಎತ್ತರ ಬಿಡದೆ ತಿರುಗಿದರೆ 44, 60 ಡಿಗ್ರಿಗೆ 52. ಅಂದರೆ ನೇರ ಬರುವಾಗ ಸುರಕ್ಷಿತವಾಗಿದ್ದ ವೇಗವೇ ತಿರುವಿನಲ್ಲಿ ಸಾಲದೆ ಹೋಗುತ್ತದೆ. ಬ್ರಿಟನ್ನಿನ ಹವ್ಯಾಸಿಗಳು ಬರೆದ ಅನುಭವಗಳನ್ನು ಓದಿ ಇಲ್ಲಿ ಹಾರಿಸುವವರು ಟೇಕಾಫ್ ಓಟಕ್ಕೂ ಇಳಿಯುವ ವೇಗಕ್ಕೂ ಇನ್ನೊಂದಿಷ್ಟು ಸೇರಿಸಿಕೊಳ್ಳಬೇಕು.

ಸೀಸ ತೆಗೆಯಿರಿ ಎಂದವರ ಮಾತು ಕೇಳಬೇಡಿ. ಇದನ್ನು ಸ್ವಲ್ಪ ಬಿಡಿಸಿ ಹೇಳುತ್ತೇನೆ, ಏಕೆಂದರೆ ಬೈಪ್ಲೇನ್‌ನ ಸಿಜಿ (ತೂಕ ಸಮತೂಗುವ ಬಿಂದು) ಗುರುತು ಹುಡುಕುವುದರಲ್ಲಿ ಬಹಳ ಜನ ಗೊಂದಲಪಡುತ್ತಾರೆ. ಮೇಲಿನ ರೆಕ್ಕೆಯ ಮುಂಚೂಣಿಯಿಂದ (ಮುಂದಿನ ಅಂಚಿನಿಂದ) ಅಳೆಯಬೇಕೋ, ಕೆಳಗಿನದರಿಂದಲೋ? ಎರಡನ್ನೂ ಸೇರಿಸಿ ಒಂದು ಕಾಲ್ಪನಿಕ ರೆಕ್ಕೆ ಮಾಡಿಕೊಳ್ಳಬೇಕು. ಟೈಗರ್ ಮಾತ್‌ನ ಮೇಲಿನ ರೆಕ್ಕೆ ಮುಂದಕ್ಕೆ ಚಾಚಿದೆ. ಮುಂದಿನ ಕಾಕ್‌ಪಿಟ್‌ನಲ್ಲಿ ಕೂತವರು ಪ್ಯಾರಾಚೂಟ್ ಕಟ್ಟಿಕೊಂಡು ಹೊರಗೆ ಹಾರಲು ದಾರಿ ಬೇಕಾಗಿತ್ತು, ಅದಕ್ಕೆ ನಡುಭಾಗವನ್ನು ಮುಂದೆ ತಳ್ಳಿದರು. ಲಿಫ್ಟ್ ಬಿಂದು ತೀರ ಮುಂದೆ ಹೋಗದಂತೆ ರೆಕ್ಕೆಗಳನ್ನು ಹಿಂದಕ್ಕೆ ಬಾಗಿಸಿದರು. ಆ ಬಾಗು ಕೂಡ ಲೆಕ್ಕದಲ್ಲಿ ಬರಬೇಕು.

ನಿಮ್ಮ ಮಾದರಿಯಲ್ಲಿ ಅಳೆಯುವ ವಿಧಾನ ಹೀಗೆ. ಉದಾಹರಣೆಗೆ ರೆಕ್ಕೆಯ ಅಡ್ಡಗಲ (ಮುಂದಿನ ಅಂಚಿನಿಂದ ಹಿಂದಿನ ಅಂಚಿಗೆ) 330 ಮಿ.ಮೀ., ಮೇಲಿನ ರೆಕ್ಕೆ ಕೆಳಗಿನದಕ್ಕಿಂತ 140 ಮಿ.ಮೀ. ಮುಂದೆ, ಒಂದು ಬದಿಯ ರೆಕ್ಕೆಯ ನಟ್ಟನಡುವೆ ಮುಂಚೂಣಿ 35 ಮಿ.ಮೀ. ಹಿಂದೆ ಸರಿದಿದೆ ಎಂದಿಟ್ಟುಕೊಳ್ಳಿ. ಎರಡೂ ರೆಕ್ಕೆ ಹೆಚ್ಚುಕಡಿಮೆ ಸಮ ಎಂದರೆ ಕಾಲ್ಪನಿಕ ರೆಕ್ಕೆಯ ಮುಂಚೂಣಿ ಮೇಲಿನ ರೆಕ್ಕೆಯ ನಡುಭಾಗದ ತುದಿಯಿಂದ 35 ಮತ್ತು 70 ಸೇರಿ 105 ಮಿ.ಮೀ. ಹಿಂದೆ ಬರುತ್ತದೆ. ಅಲ್ಲಿಂದ ಅಡ್ಡಗಲದ ಶೇ. 28 ಎಂದರೆ 92 ಮಿ.ಮೀ. ಒಟ್ಟು 197. ಕೆಳಗಿನ ರೆಕ್ಕೆ ತುಸು ಚಿಕ್ಕದಿರುವುದರಿಂದ ಕೆಲವು ಮಿ.ಮೀ. ಮುಂದಕ್ಕೆ ತಂದು 190–195ರಲ್ಲಿ ಮೊದಲ ಹಾರಾಟ ಮಾಡಿಸಬಹುದು. ನಿಮ್ಮದೇ ಅಳತೆ ಹಾಕಿ ನೋಡಿ. ಪ್ಲಾನ್‌ನ ಗುರುತಿಗೂ ಇದಕ್ಕೂ 10 ಮಿ.ಮೀ.ಗಿಂತ ಹೆಚ್ಚು ವ್ಯತ್ಯಾಸ ಬಂದರೆ ಅಳತೆಯಲ್ಲಿ ಎಲ್ಲೋ ತಪ್ಪಿದೆ. ತೂಗುವಾಗ ಟ್ಯಾಂಕ್ ಖಾಲಿ ಇರಲಿ.

ಸಿಜಿಯಿಂದ ಸುಮಾರು 400 ಮಿ.ಮೀ. ಮುಂದಿರುವ 550 ಗ್ರಾಂ ಸೀಸ ತೆಗೆದರೆ ಸಿಜಿ 27–28 ಮಿ.ಮೀ. ಹಿಂದೆ ಓಡುತ್ತದೆ, ಅಡ್ಡಗಲದ ಶೇ. 35 ದಾಟುತ್ತದೆ. ಎಲಿವೇಟರ್ ಮುಟ್ಟಿದರೆ ಹಾರುವ ವಿಮಾನ ಕೈಗೆ ಸಿಗುತ್ತದೆ. ಸ್ಪಿನ್‌ಗೆ ಬಿದ್ದರೆ ಅದು ಹೊರಬರುವುದೂ ಅನುಮಾನ. ಸೀಸ ಅಸಹ್ಯವೆನಿಸಿದರೆ ಬಾಲ ಹಗುರ ಮಾಡಿ. ಬಾಲ ಸಿಜಿಯಿಂದ ಸುಮಾರು 1200 ಮಿ.ಮೀ. ದೂರ, ಹಾಗಾಗಿ ಅಲ್ಲಿ ಉಳಿಸಿದ 100 ಗ್ರಾಂ ಮೂಗಿನ 300 ಗ್ರಾಂಗೆ ಸಮ. ಬಾಲದ ಹತ್ತಿರ ಸರ್ವೊ ಇದ್ದರೆ ಮುಂದಕ್ಕೆ ತಂದು ಎಲಿವೇಟರ್, ರಡ್ಡರ್ ಎರಡಕ್ಕೂ ಜೋಡಿ ಕೇಬಲ್ ಎಳೆಯಿರಿ. ಅಸಲಿಯಲ್ಲೂ ಕೇಬಲ್ಲೇ, ನೋಡಲೂ ಚೆಂದ. ರಿಸೀವರ್ ಮತ್ತು ಇಗ್ನಿಷನ್ ಬ್ಯಾಟರಿಗಳು ಎಂಜಿನ್ ಪೆಟ್ಟಿಗೆಯೊಳಗೆ, ಫೈರ್‌ವಾಲ್‌ಗೆ ಒತ್ತಿಕೊಂಡು ಕೂರಲಿ. ಬಾಲದ ಮೇಲೆ ಮೂರು ಕೋಟ್ ಬಣ್ಣ ಬಳಿದಿದ್ದರೆ ಕೆರೆದು ತೆಗೆಯುವುದೂ ಲಾಭವೇ.

40 ಸಿಸಿ ಎಂಜಿನ್ ವಾದಕ್ಕೆ ಒಂದೇ ಒಂದು ಒಳ್ಳೆಯ ಮಗ್ಗುಲಿದೆ: ಭಾರ. ಜೆನೋವಾ ಜಿ-38ರಂತಹ ಹಳೆಯ ಮ್ಯಾಗ್ನೆಟೊ ಎಂಜಿನ್ ನಿಮ್ಮ 30 ಸಿಸಿಗಿಂತ ಅರ್ಧ ಕೆ.ಜಿ.ಗೂ ಹೆಚ್ಚು ತೂಗುತ್ತದೆ, ಸೀಸದ ಜಾಗಕ್ಕೆ ಅದೇ ಕೂರುತ್ತದೆ, ಇಗ್ನಿಷನ್ ಬ್ಯಾಟರಿಯೂ ಬೇಡ. ಆದರೆ ನಡುಕ ಹೆಚ್ಚು, ತೆಳ್ಳಗಿನ ಕೌಲ್‌ನಲ್ಲಿ (ಎಂಜಿನ್ ಹೊದಿಕೆಯಲ್ಲಿ) ಹಿಡಿಸುವುದು ಕಷ್ಟ. ಶಕ್ತಿಗಾಗಿ ಬದಲಾಯಿಸುವ ಅಗತ್ಯವಿಲ್ಲ. 8.5 ಕೆ.ಜಿ.ಯ ಟೈಗರ್ ಮಾತ್‌ಗೆ 30 ಸಿಸಿ ಮೈಸೂರಿನ ತೆಳು ಗಾಳಿಯಲ್ಲೂ ಬೇಕಾದಷ್ಟಾಯಿತು. ಬದಲಾಯಿಸಬೇಕಾದದ್ದು ಪ್ರೊಪೆಲ್ಲರ್. 19×8 ವೇಗದ ವಿಮಾನಕ್ಕೆ. ಎಳೆತ ತುಂಬಿದ ನಿಧಾನದ ಬೈಪ್ಲೇನ್‌ಗೆ 20×6 ಒಳ್ಳೆಯದು: ವ್ಯಾಸ ದೊಡ್ಡದು, ಪಿಚ್ (ಒಂದು ಸುತ್ತಿಗೆ ಮುಂದೆ ಸಾಗುವ ದೂರ) ಕಡಿಮೆ, ಓಟದಲ್ಲಿ ಮುಂದೂಡುವ ಬಲ ಚೆನ್ನಾಗಿ ಸಿಗುತ್ತದೆ, ಇಳಿಯುವಾಗ ಬ್ರೇಕಿನ ಹಾಗೆಯೂ ಕೆಲಸ ಮಾಡುತ್ತದೆ. ಬಾಲ ಎತ್ತಿ ಸಮತಟ್ಟಾಗಿ ಹಿಡಿದಾಗ ಪ್ರೊಪೆಲ್ಲರ್ ತುದಿಗೂ ನೆಲಕ್ಕೂ ಕನಿಷ್ಠ 40 ಮಿ.ಮೀ. ಇದೆಯೇ ನೋಡಿ.

ಕೌಲ್ ಬಗ್ಗೆ ನೀವು ಕೇಳಿಲ್ಲ, ಆದರೂ ಹೇಳಬೇಕು. ತಲೆಕೆಳಗಾಗಿ ಕೂತ ಒಂಟಿ ಸಿಲಿಂಡರ್ ಈ ಕಿರಿದಾದ ಕೌಲ್‌ನಲ್ಲಿ ಬೇಗ ಕಾಯುತ್ತದೆ. ಮುಂದಿನಿಂದ ಬಂದ ಗಾಳಿ ಸಿಲಿಂಡರನ್ನು ತಂಪಾಗಿಡುವ ಲೋಹದ ಪಟ್ಟಿಗಳ ನಡುವೆಯೇ ಹಾಯುವಂತೆ ಒಳಗೆ ತೆಳು ಪ್ಲೈವುಡ್ ಗೋಡೆ ಕಟ್ಟಿ. ಹೊರಹೋಗುವ ಬಾಯಿ ಒಳಬರುವ ಬಾಯಿಯ ಎರಡು ಪಟ್ಟಾದರೂ ಇರಲಿ. ಕಾದ ಎಂಜಿನ್ ಮೊದಲು ಮಂಕಾಗಿ ಆಮೇಲೆ ನಿಲ್ಲುತ್ತದೆ. ಈ ವಿಮಾನ ಎಂಜಿನ್ ನಿಂತರೆ ದೂರ ತೇಲುವುದಿಲ್ಲ. ಗಾಳಿಯಿಲ್ಲದ ದಿನ 50 ಮೀಟರ್ ಎತ್ತರದಿಂದ 250–300 ಮೀಟರ್ ಸಿಕ್ಕರೆ ಹೆಚ್ಚು. ಇನ್ನು ಬಂಕಿನ ಪೆಟ್ರೋಲ್‌ನಲ್ಲಿರುವ ಎಥನಾಲ್ ನೀರು ಹೀರುತ್ತದೆ, ಕಾರ್ಬುರೇಟರ್‌ನ ಡಯಾಫ್ರಂ ಮತ್ತು ಸಾಮಾನ್ಯ ಪೈಪನ್ನು ಗಡುಸು ಮಾಡುತ್ತದೆ. ದಿನ ಮುಗಿದ ಮೇಲೆ ಟ್ಯಾಂಕ್ ಖಾಲಿ ಮಾಡಿ, ಕಾರ್ಬುರೇಟರ್ ಒಣಗುವವರೆಗೆ ಎಂಜಿನ್ ಓಡಿಸಿ ನಿಲ್ಲಿಸಿ. ಕಾರ್ಬುರೇಟರ್ ಸೂಜಿ (ಪೆಟ್ರೋಲ್ ಹರಿವು ಹೊಂದಿಸುವ ತಿರುಪು) ಹೊಂದಿಸಿದ ಮೇಲೆ ಸಹಾಯಕರೊಬ್ಬರು ವಿಮಾನವನ್ನು ಮೂಗು ಮೇಲಾಗಿ ಹಿಡಿದುಕೊಂಡು ಪೂರ್ತಿ ಥ್ರಾಟಲ್‌ನಲ್ಲಿ ಹತ್ತು ಸೆಕೆಂಡ್ ಕೇಳಲಿ. ಸದ್ದು ಇಳಿದರೆ ಮಿಶ್ರಣ ತೆಳುವಾಗಿದೆ, ಸೂಜಿಯನ್ನು ಎಂಟನೇ ಒಂದು ಸುತ್ತು ತೆರೆಯಿರಿ.

ಮೂಗು ಕುಟ್ಟಿದ್ದಕ್ಕೆ ಎರಡನೇ ಕಾರಣ ಗಾಲಿಯ ಜಾಗ. ವಿಮಾನವನ್ನು ಸಮತಟ್ಟಾಗಿ ಇಟ್ಟು ಸಿಜಿಯಿಂದ ಒಂದು ಲಂಬ ಗೆರೆ, ಇನ್ನೊಂದು ಗೆರೆ ಸಿಜಿಯಿಂದ ಆಕ್ಸಲ್‌ಗೆ ಎಳೆಯಿರಿ. ಎರಡರ ನಡುವೆ 15ರಿಂದ 18 ಡಿಗ್ರಿ ಇರಬೇಕು. ಸಿಜಿ ಆಕ್ಸಲ್‌ಗಿಂತ 250 ಮಿ.ಮೀ. ಎತ್ತರದಲ್ಲಿದ್ದರೆ ಆಕ್ಸಲ್ 70–80 ಮಿ.ಮೀ. ಮುಂದಿರಬೇಕು ಎಂದರ್ಥ. ಹಲವು ಮಾದರಿಗಳಲ್ಲಿ ಕಟ್ಟುವಾಗ ಗೇರ್ ತಂತಿ ಸ್ವಲ್ಪ ಹಿಂದಕ್ಕೆ ಬಾಗಿ ಇದು 35–40ಕ್ಕೆ ಇಳಿದಿರುತ್ತದೆ. ಆಗ ಹುಲ್ಲಿನ ಒಂದು ಗಂಟು ಸಾಕು, ಮೂಗು ಕುಟ್ಟಲು. ಹಾಗೆಂದು ಅತಿಯಾಗಿ ಮುಂದೆ ಹಾಕಿದರೆ ಇಳಿಯುವಾಗ ಕುಪ್ಪಳಿಸುತ್ತದೆ, ಬಾಲ ಸುತ್ತಿ ಹೊಡೆಯುತ್ತದೆ. ಗಾಲಿಗಳ ಮುಂಭಾಗ 1 ಡಿಗ್ರಿಯಷ್ಟು ಒಳಕ್ಕೆ ತಿರುಗಿರಲಿ. ವ್ಯಾಸ 115–125 ಮಿ.ಮೀ. ಇದ್ದರೆ ಅಳತೆಗೂ ಸರಿ, ಉರುಳುವುದಕ್ಕೂ ಸರಿ. ಹುಲ್ಲು 30 ಮಿ.ಮೀ.ಗಿಂತ ಎತ್ತರವಿದ್ದರೆ ಅಂದು ಹಾರಿಸದಿರುವುದೇ ವಾಸಿ.

ಐಲರಾನ್‌ಗೆ ಬರೋಣ, ನಿಮ್ಮ ಮುಖ್ಯ ಕೆಲಸ ಇಲ್ಲಿದೆ. ಅಸಲಿ ಟೈಗರ್ ಮಾತ್‌ನವರಿಗೆ ಈ ತೊಂದರೆ ಗೊತ್ತಿತ್ತು. ಹಾಗಾಗಿ ಐಲರಾನ್ ಸಾಕಷ್ಟು ಮೇಲೇಳುವಂತೆ, ಕೆಳಗೆ ಮಾತ್ರ ಅತಿ ಕಡಿಮೆ ಇಳಿಯುವಂತೆ ಅದರ ಚಾಲನಾ ಚಕ್ರವನ್ನು ರೂಪಿಸಿದ್ದರು. ನಿಮ್ಮದರಲ್ಲಿ ಎರಡು ಐಲರಾನ್‌ಗೆ ಎರಡು ಸರ್ವೊ ಇದ್ದರೆ ಟ್ರಾನ್ಸ್‌ಮಿಟರ್‌ನಲ್ಲೇ ಈ ಅಸಮ ಚಲನೆಯನ್ನು (ಡಿಫರೆನ್ಷಿಯಲ್) ಹಾಕಬಹುದು. ಮೇಲಕ್ಕೆ 25 ಮಿ.ಮೀ., ಕೆಳಕ್ಕೆ 8 ಮಿ.ಮೀ. ಇಟ್ಟು ಶುರು ಮಾಡಿ. ಒಂದೇ ಸರ್ವೊ ಇದ್ದರೆ ಸರ್ವೊ ತೋಳಿನ ಕೋನ ಬದಲಿಸಿ ಇದನ್ನೇ ಪಡೆಯಬಹುದು, ನಿಖರತೆ ಸ್ವಲ್ಪ ಕಡಿಮೆ. ಐಲರಾನ್ ಜೊತೆ ರಡ್ಡರ್ ತಾನಾಗಿ ಶೇ. 20–25 ತಿರುಗುವಂತೆ ಮಿಕ್ಸ್ ಹಾಕಿ, ಒಂದು ಸ್ವಿಚ್‌ಗೆ ಕೊಡಿ. ಮಿಕ್ಸನ್ನೇ ನಂಬಿ ರಡ್ಡರ್ ಹಿಡಿದ ಎಡ ಹೆಬ್ಬೆರಳನ್ನು ಸುಮ್ಮನೆ ಕೂರಿಸಿದರೆ ಮಾತ್ರ ಎಡವಟ್ಟು: ಟೇಕಾಫ್ ಓಟದಲ್ಲಿ ಐಲರಾನ್ ಮುಟ್ಟದೆ ರಡ್ಡರ್ ಬೇಕು, ಅಡ್ಡಗಾಳಿಯಲ್ಲಿ ಎರಡೂ ವಿರುದ್ಧ ದಿಕ್ಕಿಗೆ ಬೇಕು. ಆ ಕೆಲಸ ಮಿಕ್ಸ್‌ನಿಂದ ಆಗುವುದಿಲ್ಲ. ಐಲರಾನ್‌ಗೆ 6–8 ಕೆ.ಜಿ. ಸೆಂ.ಮೀ., ಎಲಿವೇಟರ್ ಮತ್ತು ರಡ್ಡರ್‌ಗೆ 10–12 ಕೆ.ಜಿ. ಸೆಂ.ಮೀ. ಟಾರ್ಕ್‌ನ ಸರ್ವೊ ಸಾಕು.

ರಿಪೇರಿಯಲ್ಲಿ ಎಚ್ಚರವಹಿಸಬೇಕಾದದ್ದು ಎಡ ರೆಕ್ಕೆಯ ಕೋನ. ಬಿದ್ದು ಮುರಿದ ರೆಕ್ಕೆಯನ್ನು ಜೋಡಿಸುವಾಗ ಅದು ಬಲದ್ದಕ್ಕಿಂತ ಒಂದು ಡಿಗ್ರಿ ಮೂಗೆತ್ತಿ ನಿಂತರೂ ಎಡಕ್ಕೆ ಬೀಳುವುದು ಕಾಯಂ ಆಗಿಬಿಡುತ್ತದೆ. ರೆಕ್ಕೆಯ ಕೋನ ಅಳೆಯುವ ಇನ್ಸಿಡೆನ್ಸ್ ಮೀಟರ್ ಇಟ್ಟು ನಾಲ್ಕೂ ರೆಕ್ಕೆಗಳನ್ನು ಬುಡದಲ್ಲಿ ಮತ್ತು ಸ್ಟ್ರಟ್ ಜಾಗದಲ್ಲಿ ಅಳೆಯಿರಿ. ಎಡಬಲ ವ್ಯತ್ಯಾಸ ಅರ್ಧ ಡಿಗ್ರಿ ಮೀರಬಾರದು. ತುದಿಗಳು ಬುಡಕ್ಕಿಂತ 1ರಿಂದ 1.5 ಡಿಗ್ರಿ ಮೂಗು ಕೆಳಗಿದ್ದರೆ ಸ್ಟಾಲ್ ಬುಡದಿಂದ ಶುರುವಾಗುತ್ತದೆ, ಐಲರಾನ್ ಕೊನೆಯವರೆಗೂ ಕೆಲಸ ಮಾಡುತ್ತದೆ. ಹಿಂದಿನ ಸ್ಟ್ರಟ್ಟಿನ ಉದ್ದ ಬದಲಿಸಿ ಇದನ್ನು ಹೊಂದಿಸಬಹುದು. ಎರಡು ಸ್ಟ್ರಟ್‌ಗಳ ನಡುವೆ 170 ಮಿ.ಮೀ. ಅಂತರವಿದ್ದರೆ 3 ಮಿ.ಮೀ. ಬದಲಾವಣೆ ಒಂದು ಡಿಗ್ರಿಗೆ ಸಮ. ಪಕ್ಕೆಲುಬು ಬದಲಿಸುವ ಮುನ್ನ ಬಟ್ಟೆ ಬಿಚ್ಚಿ, ರೆಕ್ಕೆಯ ಉದ್ದಕ್ಕೂ ಹೋಗುವ ಮುಖ್ಯ ತೊಲೆಯಾದ ಸ್ಪಾರ್‌ನ ಮೇಲೆ ಬೆಳಕು ಓರೆಯಾಗಿ ಬೀಳುವಂತೆ ಟಾರ್ಚ್ ಹಿಡಿದು ಸ್ಟ್ರಟ್ ಕೂರುವ ಜಾಗದ ಎರಡೂ ಕಡೆ ಕೂದಲೆಳೆ ಬಿರುಕು ಹುಡುಕಿ. ಸ್ಪಾರ್ ಬಿರುಕು ಬಿಟ್ಟಿದ್ದರೆ ಅಂಟು ತುಂಬಿ ಬಿಡಬೇಡಿ. ಬಿರುಕಿನ ಎರಡೂ ಕಡೆ ಸ್ಪಾರ್ ದಪ್ಪದ ಹತ್ತರಷ್ಟು ಉದ್ದಕ್ಕೆ ಓರೆ ಕತ್ತರಿಸಿ ಹೊಸ ಮರ ಬೆಸೆಯಿರಿ, ಮೇಲೆ ಪ್ಲೈ ಪಟ್ಟಿ ಕೊಡಿ.

ಎಲಾಸ್ಟಿಕ್ ದಾರ ನಿಮ್ಮ ಅವಘಡಕ್ಕೆ ಕಾರಣವಲ್ಲ, ಆದರೆ ಅದು ನಡೆಯುತ್ತದೆಯೇ ಎಂಬುದು ಪ್ಲಾನ್ ಮೇಲೆ ನಿಂತಿದೆ. ಕೆಲವು ವಿನ್ಯಾಸಗಳಲ್ಲಿ ಅಲ್ಯೂಮಿನಿಯಂ ಕೊಳವೆ ಮತ್ತು ಸ್ಪಾರ್ ಎಲ್ಲ ಭಾರ ಹೊರುತ್ತವೆ, ತಂತಿ ಬರೀ ಅಲಂಕಾರ. ಇನ್ನು ಕೆಲವದರಲ್ಲಿ ಬುಡದಿಂದ ಸ್ಟ್ರಟ್ ತುದಿಗೆ ಹೋಗುವ ತಂತಿಗಳೇ ಲಿಫ್ಟ್ ಹೊರುತ್ತವೆ. ತಿಳಿಯಲು ಸುಲಭ ಪರೀಕ್ಷೆ ಇದೆ. ದಾರ ಬಿಚ್ಚಿ, ಇಬ್ಬರು ಎರಡು ಬದಿಯ ಸ್ಟ್ರಟ್‌ಗಳ ಬುಡದಲ್ಲಿ ಕೆಳಗಿನ ರೆಕ್ಕೆ ಹಿಡಿದು ವಿಮಾನವನ್ನು ಎತ್ತಿ. ಅದು ರೆಕ್ಕೆಯ ಬುಡಕ್ಕೆ ಸುಮಾರು 1.3 ಪಟ್ಟು ಹಾರಾಟದ ಭಾರ. ಈಗ ಮುಂದಿನ ಕಾಕ್‌ಪಿಟ್‌ನಲ್ಲಿ, ಕೆಳಗಿನ ರೆಕ್ಕೆಯ ಸರಿಯಾಗಿ ಮೇಲೆ, 11 ಕೆ.ಜಿ. ಮರಳು ಚೀಲ ಇಟ್ಟು ಮೆಲ್ಲಗೆ ಎತ್ತಿದರೆ ಮೂರು ಪಟ್ಟಿನ ಹತ್ತಿರ ಬರುತ್ತದೆ. ಸದ್ದು, ಸೀಳು, ತುದಿ ಮರಳಿ ಬಾರದಷ್ಟು ಬಾಗು ಕಂಡರೆ ನಿಜವಾದ ತಂತಿ ಬೇಕು: ಪ್ಲಾಸ್ಟಿಕ್ ಹೊದ್ದ ಸ್ಟೀಲ್ ಕೇಬಲ್, ಕ್ರಿಂಪ್ ಕೊಳವೆಯಲ್ಲಿ ಎರಡು ಸಲ ಮಡಚಿ ಒತ್ತಿದ್ದು, ಲೋಹದ ಕ್ಲೆವಿಸ್, ಸ್ಟ್ರಟ್ ಬುಡದಲ್ಲಿ ಸ್ಪಾರ್‌ಗೆ ಬೋಲ್ಟ್ ಆದ ಪಟ್ಟಿ. ಕ್ರಿಂಪ್ ಜಾರುವುದೇ ಇವುಗಳ ಮಾಮೂಲಿ ಕಾಯಿಲೆ, ಒಂದೊಂದನ್ನೂ 20 ಕೆ.ಜಿ. ತೂಗುಹಾಕಿ ಪರೀಕ್ಷಿಸಿ. ತಂತಿಯನ್ನು ವೀಣೆಯ ಹಾಗೆ ಬಿಗಿಯುವ ಅಗತ್ಯವಿಲ್ಲ, ಬಿಗಿದರೆ ರೆಕ್ಕೆ ತಿರುಚಿಕೊಂಡು ಮೇಲೆ ಅಳೆದ ಕೋನವೆಲ್ಲ ಹಾಳು.

ಇಷ್ಟಾದ ಮೇಲೆ ಹಾರಿಸುವ ಮುನ್ನ ನೆಲದಲ್ಲೇ ಅಭ್ಯಾಸ ಮಾಡಿ. ಐಲರಾನ್ ಕಡ್ಡಿಯಿಂದ ಬೆರಳು ತೆಗೆದು, ಎಲಿವೇಟರ್ ಪೂರ್ತಿ ಎಳೆದು, ರಡ್ಡರ್‌ನಿಂದಷ್ಟೇ ಮೈದಾನದಲ್ಲಿ ಎಂಟರ ಆಕಾರದಲ್ಲಿ ಓಡಿಸಿ. ಎರಡು ಟ್ಯಾಂಕ್ ಇದರಲ್ಲೇ ಖರ್ಚಾದರೂ ಪರವಾಗಿಲ್ಲ. ಟೇಕಾಫ್‌ಗೆ ಗಾಳಿಗೆ ಎದುರಾಗಿ ನಿಲ್ಲಿಸಿ, ಥ್ರಾಟಲ್ ಸೊನ್ನೆಯಿಂದ ಪೂರ್ತಿಗೆ ಏರಲು ನಾಲ್ಕು ಸೆಕೆಂಡ್ ತೆಗೆದುಕೊಳ್ಳಿ. ಎಲಿವೇಟರ್ ಎಳೆದೇ ಶುರು ಮಾಡಿ, ಓಟ ಹಿಡಿದಂತೆ ಮೆಲ್ಲಗೆ ಬಿಡಿ, ಬಾಲ ತಾನಾಗಿ ಏಳಲಿ. ಬಾಲ ಏಳುವಾಗ ಇನ್ನೊಂದು ಚಿಟಿಕೆ ಬಲ ರಡ್ಡರ್ ಕಾದುಕೊಂಡಿರಿ. ಅಷ್ಟಾಗಿಯೂ ಎಡಕ್ಕೆ ಕೈ ಮೀರಿ ಹೋದರೆ ಥ್ರಾಟಲ್ ಪೂರ್ತಿ ತಗ್ಗಿಸಿಬಿಡಿ, ಐಲರಾನ್ ಮುಟ್ಟಬೇಡಿ.

ಮೇಲೆ ಹೋದ ಮೇಲೆ 80 ಮೀಟರ್ ಎತ್ತರದಲ್ಲಿ ಥ್ರಾಟಲ್ ತಗ್ಗಿಸಿ ಎಲಿವೇಟರ್ ಎಳೆಯುತ್ತಾ ಸ್ಟಾಲ್ ಮಾಡಿಸಿ ನೋಡಿ. ಯಾವ ರೆಕ್ಕೆ ಬೀಳುತ್ತದೆ, ರಡ್ಡರ್‌ನಿಂದ ಎತ್ತಲು ಎಷ್ಟು ಎತ್ತರ ಕಳೆಯುತ್ತದೆ ಎಂಬುದು ಕಣ್ಣಿಗೆ ಸಿಗಬೇಕು. ರೆಕ್ಕೆ ಬಿದ್ದಾಗ ಕ್ರಮ ಒಂದೇ: ಎಲಿವೇಟರ್ ಸಡಿಲಿಸಿ, ಎದುರು ರಡ್ಡರ್ ಕೊಡಿ, ಥ್ರಾಟಲ್ ಏರಿಸಿ, ವೇಗ ಬಂದ ಮೇಲೆ ಐಲರಾನ್. ಇಳಿಸುವಾಗ ಕೊನೆಯ ತಿರುವನ್ನು 25 ಮೀಟರ್ ಎತ್ತರದಲ್ಲೇ ಮುಗಿಸಿ, ಮೂರನೇ ಒಂದು ಥ್ರಾಟಲ್ ಇಟ್ಟುಕೊಂಡು, 30 ಡಿಗ್ರಿಗಿಂತ ಹೆಚ್ಚು ಓರೆಯಾಗದೆ. ವೇಗ ತೋರಿಸುವ ಟೆಲಿಮೆಟ್ರಿ ಇದ್ದರೆ 48 ಕಿ.ಮೀ. ಆಸುಪಾಸು ಇರಲಿ. ಇಲ್ಲದಿದ್ದರೆ ನಿಮ್ಮ ಬೆರಳೇ ಮೀಟರ್: ತಿರುವಿನಲ್ಲಿ ಎಲಿವೇಟರ್ ಅರ್ಧಕ್ಕಿಂತ ಹೆಚ್ಚು ಎಳೆದಿಟ್ಟಿದ್ದೀರಿ ಎಂದರೆ ಸ್ಟಾಲ್ ಬಾಗಿಲಲ್ಲಿದ್ದೀರಿ. ಥ್ರಾಟಲ್ ಪೂರ್ತಿ ತಗ್ಗಿಸುವುದು ಗಾಲಿ ನೆಲಕ್ಕೆ ಒಂದು ಅಡಿ ಇದ್ದಾಗ. ಇನ್ನೂ ಎತ್ತರದಲ್ಲಿರುವಾಗಲೇ ತಗ್ಗಿಸಿದರೆ ಈ ವಿಮಾನ ಟ್ರೇನರ್‌ನಂತೆ ತೇಲುವುದಿಲ್ಲ, ನಿಂತಲ್ಲೇ ಇಳಿಯುತ್ತದೆ. ಅಡ್ಡಗಾಳಿ ಗಂಟೆಗೆ 8–10 ಕಿ.ಮೀ. ದಾಟಿದರೆ ಮೊದಲ ಹಾರಾಟಗಳನ್ನು ಮುಂದೂಡಿ.

ಈಗ ಆಯ್ಕೆಗಳು. ನಾನು ಸೂಚಿಸುವುದು ಇದೇ ವಿಮಾನವನ್ನು ಮೇಲೆ ಹೇಳಿದಂತೆ ಸರಿಪಡಿಸುವುದು. ಇದರಲ್ಲಿ ಉಳಿಯುವ ಅಪಾಯ ನಿಮ್ಮ ಬೆರಳಿನ ಹಳೆಯ ಅಭ್ಯಾಸ. ಅದನ್ನು ಅಗ್ಗದಲ್ಲಿ ಕಳೆಯಲು, ಬಾಲಗಾಲಿ ಇರುವ ಒಂದು ಚಿಕ್ಕ ಹೈವಿಂಗ್ ಮಾದರಿಯನ್ನು ಐಲರಾನ್ ಬಿಚ್ಚಿ ರಡ್ಡರ್‌ನಿಂದಷ್ಟೇ ಒಂದೆರಡು ತಿಂಗಳು ಹಾರಿಸುವುದೂ ಒಳ್ಳೆಯದು. ಇನ್ನೊಂದು ದಾರಿ ವಿದ್ಯುತ್ ಮೋಟಾರ್. ಸುಮಾರು 1900 ವ್ಯಾಟ್ ಬೇಕು, ಅಂದರೆ 10 ಸೆಲ್, 5000 ಎಂಎಎಚ್ ಬ್ಯಾಟರಿ. ಅದರ ಒಂದು ಕೆ.ಜಿ. ದಾಟುವ ತೂಕ ಮೂಗಲ್ಲಿ ಕೂತು ಸೀಸ ಬೇಡವಾಗುತ್ತದೆ, ಕೌಲ್ ಬಿಸಿಯ ತಲೆನೋವೂ ಇಲ್ಲ, ಎಂಜಿನ್ ನಿಲ್ಲುವ ಭಯವೂ ಇಲ್ಲ. ಹಾರಾಟ 8–10 ನಿಮಿಷಕ್ಕೆ ಮುಗಿಯುತ್ತದೆ. ಬಿದ್ದಾಗ ಹಾನಿಗೊಂಡ ಲಿಥಿಯಂ ಬ್ಯಾಟರಿಗೆ ಬೆಂಕಿ ಹತ್ತಬಹುದು, ಬಯಲಲ್ಲಿ ಮರಳು ಬಕೆಟ್ ಇಟ್ಟುಕೊಳ್ಳಬೇಕು. ಮೂರನೇ ಒಂದು ಅಳತೆಯದು ಸುಮಾರು ಮೂರು ಮೀಟರ್ ರೆಕ್ಕೆ, 15 ಕೆ.ಜಿ. ಆಸುಪಾಸು. ದೊಡ್ಡದು ಗಾಳಿಯಲ್ಲಿ ಗಂಭೀರವಾಗಿ ಹಾರುತ್ತದೆ ಎಂಬುದು ನಿಜ. ಐಲರಾನ್ ವರ್ತನೆ ಮಾತ್ರ ಹಾಗೆಯೇ ಇರುತ್ತದೆ, ಬಿದ್ದಾಗ ಖರ್ಚು ಮೂರು ಪಟ್ಟು, ಸಾಗಿಸಲು ವ್ಯಾನ್ ಬೇಕು. ಈಗ ಬೇಡ.

ಯಾವುದೇ ದಾರಿ ಹಿಡಿದರೂ, ರೇಡಿಯೊ ಸಂಪರ್ಕ ತಪ್ಪಿದರೆ ಇಗ್ನಿಷನ್ ತಾನಾಗಿ ಆರುವಂತೆ ಫೇಲ್‌ಸೇಫ್ ಹೊಂದಿಸಿ, ಅದನ್ನು ನೆಲದಲ್ಲಿ ಎಂಜಿನ್ ಓಡುವಾಗಲೇ ಟ್ರಾನ್ಸ್‌ಮಿಟರ್ ಆರಿಸಿ ನೋಡಿ. ರಿಸೀವರ್ ಇಗ್ನಿಷನ್ ಪೆಟ್ಟಿಗೆಯಿಂದ 30 ಸೆಂ.ಮೀ. ದೂರವಿರಲಿ. 8.5 ಕೆ.ಜಿ. ತೂಕ ಸೆಕೆಂಡಿಗೆ 20 ಮೀಟರ್ ವೇಗದಲ್ಲಿ ಜನರ ನಡುವೆ ಬಂದರೆ ಏನಾದೀತು ಎಂದು ವಿವರಿಸಬೇಕಿಲ್ಲ. ಕಾನೂನಿನ ಮಾತು: 2021ರ ಡ್ರೋನ್ ನಿಯಮಗಳ ಪ್ರಕಾರ ಮನರಂಜನೆಗಾಗಿ ಕಣ್ಣಳತೆಯೊಳಗೆ ಹಾರಿಸುವ 25 ಕೆ.ಜಿ.ವರೆಗಿನ ಮಾದರಿಗೆ ಟೈಪ್ ಸರ್ಟಿಫಿಕೇಟ್ (ವಿನ್ಯಾಸಕ್ಕೆ ಕೊಡುವ ಪ್ರಮಾಣಪತ್ರ) ಬೇಡ. ನೋಂದಣಿ, ಪೈಲಟ್ ಪ್ರಮಾಣಪತ್ರ, ವಿಮೆ ಇವಕ್ಕೆ ಬೇರೆ ವಿಧಿಗಳಿವೆ, ಆ ಒಂದು ವಿನಾಯಿತಿಯನ್ನೇ ಎಲ್ಲಕ್ಕೂ ಅನ್ವಯಿಸಿಕೊಳ್ಳಬೇಡಿ. ಹಸಿರು ವಲಯದಲ್ಲಿ (ಮುಂಚಿತ ಅನುಮತಿ ಬೇಡದ ಜಾಗ) 120 ಮೀಟರ್ ಎತ್ತರದವರೆಗೆ ಹಾರಿಸಬಹುದು. ವಿಮಾನ ನಿಲ್ದಾಣದ ಗಡಿಯಿಂದ 8ರಿಂದ 12 ಕಿ.ಮೀ. ನಡುವೆ ಅದು 60 ಮೀಟರ್ ಮಾತ್ರ, ಅದಕ್ಕಿಂತ ಹತ್ತಿರದಲ್ಲಿ ಅನುಮತಿ ಬೇಕೇ ಬೇಕು. ನಿಮಗೆ ಮಂಡಕಳ್ಳಿ ನಿಲ್ದಾಣ ಇರುವುದರಿಂದ ಮೈದಾನವನ್ನು ನಕ್ಷೆಯಲ್ಲಿ ಅಳೆದುಕೊಳ್ಳಿ. 60 ಮೀಟರ್ ಮಿತಿಯಿದ್ದರೆ ಮೇಲೆ ಹೇಳಿದ ಸ್ಟಾಲ್ ಅಭ್ಯಾಸಕ್ಕೆ ಆ ಮೈದಾನ ಆಗದು, ಬೇರೆ ಜಾಗ ನೋಡಿ.

ಬಣ್ಣ ಬದಲಿಸುವ ಯೋಚನೆಯಿದ್ದರೆ ನಮ್ಮ ಹತ್ತಿರದ ಚರಿತ್ರೆಯೂ ಇದೆ. ಸ್ವಾತಂತ್ರ್ಯದ ಆಸುಪಾಸಿನಲ್ಲಿ ಭಾರತೀಯ ವಾಯುಪಡೆಯ ಹೊಸ ಪೈಲಟ್‌ಗಳು ಕಲಿತದ್ದು ಟೈಗರ್ ಮಾತ್‌ನಲ್ಲಿ. 1951ರಲ್ಲಿ ಮೊದಲು ಹಾರಿದ, ಬೆಂಗಳೂರಿನ ಎಚ್‌ಎಎಲ್‌ನಲ್ಲಿ ರೂಪುಗೊಂಡ ಎಚ್‌ಟಿ-2 ಮುಂದೆ ಅದರ ಜಾಗಕ್ಕೆ ಬಂತು. ರಡ್ಡರ್ ಸೋಮಾರಿತನವನ್ನು ಟೈಗರ್ ಮಾತ್ ಮುಚ್ಚಿಡುತ್ತಿರಲಿಲ್ಲ, ತರಬೇತಿಗೆ ಅದು ಒಪ್ಪಿದ್ದಕ್ಕೆ ಅದೂ ಒಂದು ಕಾರಣ.

ಸ್ಲಾಟ್‌ಗಳು: ಅಸಲಿಯಲ್ಲಿ ಅವು ಮೇಲಿನ ರೆಕ್ಕೆಯ ಮುಂಚೂಣಿಯಲ್ಲಿದ್ದು ನಿಧಾನ ವೇಗದಲ್ಲಿ ಗಾಳಿಯ ಒತ್ತಡದಿಂದ ತಾನಾಗಿ ತೆರೆಯುತ್ತವೆ. ಮಾದರಿಯಲ್ಲಿ ಎರಡೂ ಬದಿ ಒಂದೇ ಕ್ಷಣದಲ್ಲಿ ತೆರೆಯುವಂತೆ ಮಾಡುವುದು ಬಹಳ ನಾಜೂಕು ಕೆಲಸ. ಧೂಳು ಸೇರಿ ಒಂದು ಬದಿ ಸಿಕ್ಕಿಕೊಂಡರೆ, ನೀವು ತಪ್ಪಿಸಲು ಹೊರಟ ರೆಕ್ಕೆ ಕುಸಿತವನ್ನು ಅದೇ ತಂದಿಡುತ್ತದೆ. ಆಕಾರ ಕೆತ್ತಿ, ಗೆರೆ ಎಳೆದು, ಮುಚ್ಚಿದ ಸ್ಥಿತಿಯಲ್ಲೇ ಅಂಟಿಸಿಬಿಡಿ.